ಬಾವಿಕಟ್ಟೆಯಲ್ಲಿ ನಿಂತ ಇಪ್ಪತ್ತನಾಲ್ಕು ಗಂಟೆ

ಕಳೆದ ತಿಂಗಳು ನಾನು ನಿವೃತ್ತನಾದೆ. ಹದಿನೆಂಟು ವರ್ಷ ಕಂಪ್ಯೂಟರಿನ ಮುಂದೆ ಕೂತು ಆಟ ಆಡಿ ಸಂಬಳ ತೆಗೆದುಕೊಂಡವನು ನಾನು. ಈ ಮಾತು ಹೇಳಿದರೆ ನಮ್ಮ ಬಂಟ್ವಾಳದಲ್ಲಿ ಈಗಲೂ ನಗುತ್ತಾರೆ. ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಐತಪ್ಪ ಟಿಕೆಟ್ ಹರಿಯುವಾಗಲೆಲ್ಲ, "ಇವತ್ತು ಎಷ್ಟು ರಾಕ್ಷಸರನ್ನು ಕೊಲ್ಲಲಿಕ್ಕುಂಟು ಸಂಜೀವಣ್ಣ?" ಎಂದು ಕೇಳುತ್ತಿದ್ದ. ನಾನೂ ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಿದ್ದೆ. ಮಾಣಿ ಊರಿನ ನನ್ನ ಹೆಂಡತಿಯ ಮನೆಯವರಂತೂ ನಾನು ಬ್ಯಾಂಕಿನಲ್ಲಿದ್ದೇನೆ ಎಂದೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ಅವರನ್ನು ತಿದ್ದಲು ನಾನು ಹೋಗಲಿಲ್ಲ.

ಈಗ ಈ ಕೆಲಸಕ್ಕೆ ಬಹಳ ಮಂದಿ ಸೇರುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾಲ್ಕು ಮಾತು ಬರೆಯುತ್ತಿದ್ದೇನೆ. ನನಗೆ ಎಷ್ಟು ಸಲ ಬಡ್ತಿ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಸಿಕ್ಕಿದ್ದು ಒಂದೇ ಸಲ, ಅದರಲ್ಲಿ ಕುರ್ಚಿ ಬದಲಾಯಿತೇ ಹೊರತು ಬೇರೇನೂ ಬದಲಾಗಲಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಅದರಲ್ಲಿ ಒಂದನ್ನು ಆರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಈಗ ಹೇಳಬೇಕಾದವರಿಗೆ ಹೇಳಿ ಆಗಿದೆ, ಆದ್ದರಿಂದ ಇಲ್ಲೂ ಬರೆಯಬಹುದು.

ಮೊದಲು ಕೆಲಸದ ವಿಚಾರ. ಬಿ.ಸಿ. ರೋಡಿನಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರಿನ ಕಾಲ ಮುಗಿದಾಗ ನನಗೆ ನಲವತ್ತೆರಡು ವರ್ಷ. ಆಗ ಜಯರಾಮ ಶೆಟ್ರು ಗಲ್ಫಿನಿಂದ ಬಂದು ಮೂಡುಬಿದಿರೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆಫೀಸು ತೆರೆದಿದ್ದರು. ಹೊರದೇಶದವರು ತಯಾರಿಸಿದ ಕಂಪ್ಯೂಟರ್ ಆಟಗಳನ್ನು ಇಲ್ಲಿ ಆಡಿ, ಎಲ್ಲಿ ತಪ್ಪಿದೆ ಎಂದು ಬರೆದು ಕಳಿಸುವುದು ಅಲ್ಲಿನ ಕೆಲಸ. "ನಿಮಗೆ ಬೇಗ ಟೈಪ್ ಮಾಡ್ಲಿಕ್ಕೆ ಬರ್ತದೆ, ತಾಳ್ಮೆ ಉಂಟು. ಆಟ ಆಮೇಲೆ ಕಲೀಬಹುದು," ಎಂದು ಶೆಟ್ರು ನನ್ನನ್ನು ಸೇರಿಸಿಕೊಂಡರು. ಅವರು ಹೇಳಿದ್ದರಲ್ಲಿ ಟೈಪಿಂಗ್ ಒಂದು ನಿಜ.

ಇದು ಆಟವಾಡುವ ಕೆಲಸ ಎಂದುಕೊಂಡು ಬರುವವರು ಮೊದಲ ವಾರದಲ್ಲೇ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಆಡುವುದಲ್ಲ, ಆಟ ಎಲ್ಲಿ ಕೆಡುತ್ತದೆ ಎಂದು ಹುಡುಕುವುದು. ಒಂದೊಂದು ಗೋಡೆಗೂ ಹೋಗಿ ಗುದ್ದಿ ನೋಡಬೇಕು. ಒಂದೇ ಬಾಗಿಲನ್ನು ಇನ್ನೂರು ಸಲ ತೆರೆದು ಮುಚ್ಚಬೇಕು. ಅಂಗಡಿಯವನ ಹತ್ತಿರ ಒಂದೇ ಮಾತು ಕೇಳಿ ಕೇಳಿ ಅವನ ಮೇಲೆ ನಿಜವಾದ ಸಿಟ್ಟು ಬರಬೇಕು. ನನ್ನ ಪಾಲಿಗೆ ಬಂದದ್ದು ರೋಲ್ ಪ್ಲೇಯಿಂಗ್ ಎಂಬ ಜಾತಿಯ ಆಟಗಳು. ಆಡುವವನು ಅದರಲ್ಲಿ ಒಂದು ಪಾತ್ರ ವಹಿಸಿಕೊಂಡು ಊರೂರು ತಿರುಗುತ್ತಾನೆ, ಕಂಡವರೊಡನೆ ಮಾತಾಡುತ್ತಾನೆ, ಹೊಡೆದಾಡುತ್ತಾನೆ, ಹಂತಹಂತವಾಗಿ ಬಲ ಗಳಿಸಿ ಕತೆಯನ್ನು ಕೊನೆ ಮುಟ್ಟಿಸುತ್ತಾನೆ. ಬೇರೆ ಆಟಗಳು ಒಂದು ಮಧ್ಯಾಹ್ನಕ್ಕೆ ಮುಗಿದರೆ ಇವು ತಿಂಗಳುಗಟ್ಟಲೆ ಹಿಡಿಯುತ್ತವೆ.

ನನ್ನ ಮೊದಲ ದೊಡ್ಡ ಆಟ ನೂರು ಗಂಟೆಗೂ ಹೆಚ್ಚಿನದು. ಅದರಲ್ಲಿ ಒಂದು ಹೊಳೆ, ಹೊಳೆಗೊಬ್ಬ ಅಂಬಿಗ. ಮೂರನೇ ಗಂಟೆಯಲ್ಲಿ ಸಿಗುತ್ತಾನೆ. ಕತೆಯ ಉದ್ದಕ್ಕೂ ಅವನ ದೋಣಿಯಲ್ಲೇ ದಾಟಬೇಕು, ದಾಟಿಸುವಾಗಲೆಲ್ಲ ಅದೇ ಒಂದು ಹಳಸಲು ನಗೆಹನಿ ಹೇಳುತ್ತಾನೆ. ಹತ್ತು ಸಲ ಆದ ಮೇಲೆ ನನಗೆ ಅವನ ಬಾಯಿ ಮುಚ್ಚಿಸಬೇಕು ಎನಿಸಿತು. ಎಂಬತ್ತನೆಯ ಗಂಟೆಯ ಹೊತ್ತಿಗೆ ಒಂದು ದಿನ ಕಡವಿಗೆ ಬಂದೆ, ದೋಣಿ ಕಟ್ಟಿಹಾಕಿತ್ತು, ಅಂಬಿಗ ಇರಲಿಲ್ಲ. ಊರೆಲ್ಲ ಹುಡುಕಿದೆ. ಕೊನೆಗೆ "ಅಂಬಿಗ ಕಾಣೆಯಾಗಿದ್ದಾನೆ, ದಯವಿಟ್ಟು ಸರಿಪಡಿಸಿ" ಎಂದು ವರದಿ ಬರೆದು ಕಳಿಸಿದೆ. ಮರುದಿನ ಒಂದೇ ಸಾಲಿನ ಉತ್ತರ ಬಂತು. ಅದು ತಪ್ಪಲ್ಲ, ಅವನು ತೀರಿಕೊಂಡಿದ್ದಾನೆ ಎಂದು.

ಆಫೀಸಿನವರು ವಾರವಿಡೀ ನನ್ನನ್ನು ಗೋಳುಹೊಯ್ದುಕೊಂಡರು. ನಾನು ನಗಲಿಲ್ಲ. ಮಹಡಿಯ ಮೆಟ್ಟಿಲಿಳಿದು ಬೇಕರಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಅವನನ್ನು ಅಷ್ಟು ದಿನ ಸಹಿಸಿಕೊಂಡದ್ದಕ್ಕೇ ಅವನಿಲ್ಲದ ಕಡವು ಹಾಗೆ ಬಣಗುಟ್ಟಿತು. ಎರಡು ಗಂಟೆಯ ಆಟದಲ್ಲಿ ಆ ಅಂಬಿಗ ಸತ್ತಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಉದ್ದದ ಆಟ ಎಂದರೆ ಮೂಗು ಮುರಿಯುವವರಿಗೆ ನಾನು ಈ ಅಂಬಿಗನ ವಿಷಯ ಹೇಳುತ್ತೇನೆ.

ಇನ್ನೊಂದು ಸಲ ಇದಕ್ಕೆ ಉಲ್ಟಾ ಆಯಿತು. ನಾಲ್ಕೇ ಗಂಟೆಯಲ್ಲಿ ಮುಗಿಯುವ ಒಂದು ಆಟ ಬಂತು. ಇಬ್ಬರು ಅಕ್ಕತಂಗಿಯರು ಒಂದು ಮನೆ ಖಾಲಿ ಮಾಡುವುದು, ಅಷ್ಟೇ ಕತೆ. ಮುಗಿದಾಗ ನಾನು "ಉಳಿದ ಭಾಗ ಯಾವಾಗ ಕಳಿಸುತ್ತೀರಿ?" ಎಂದು ಬರೆದೆ. ಉಳಿದ ಭಾಗ ಇರಲಿಲ್ಲ. ಆದರೆ ಆ ಅಕ್ಕತಂಗಿಯರು ವಾರಗಟ್ಟಲೆ ಮನೆಯ ದಾರಿಯಲ್ಲಿ ಸಿದ್ದಕಟ್ಟೆಯ ತನಕ ನನ್ನ ಜೊತೆ ಬಸ್ಸಿನಲ್ಲಿ ಬಂದರು. ಇಷ್ಟು ಕಂಡ ಮೇಲೂ ನನಗೆ ಬುದ್ಧಿ ಬರಲಿಲ್ಲ ಎಂಬುದು ಮುಂದಿನ ಕತೆ.

ಶೆಟ್ರ ವಿಷಯ ಒಂದು ಮಾತು. ಅವರು ಗಲ್ಫಿನಲ್ಲಿ ಹೋಟೆಲು ನಡೆಸಿದವರು. ಆಟದ ಗುಣ ಅಳೆಯಲು ಅವರ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, "ಎಷ್ಟು ಗಂಟೆ ಉಂಟು?" ಹೆಚ್ಚು ಗಂಟೆ ಎಂದರೆ ಒಳ್ಳೆಯ ಆಟ. "ಗಿರಾಕಿ ಕೂತ ಕೂಡ್ಲೇ ನೋಡುವುದು ಎಲೆ. ಎಲೆ ತುಂಬಿರಬೇಕು ಸಂಜೀವಣ್ಣ, ರುಚಿ ಎಲ್ಲ ಮತ್ತೆ," ಎನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ಯಾರಿಗಾದರೂ ಜ್ವರ ಬಂದರೆ ತಾವೇ ಕಾರಿನಲ್ಲಿ ಮನೆಗೆ ಬಿಟ್ಟು ಬರುತ್ತಿದ್ದರು. ಆದರೆ ಎಲೆಯ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಹಾಗಿರಲಿಲ್ಲ.

ನಮ್ಮ ಆಫೀಸಿನಲ್ಲಿ ಸುಪ್ರಿಯಾ ಎಂಬವಳಿದ್ದಳು. ಗುರುವಾಯನಕೆರೆಯ ಒಬ್ಬ ಮೇಷ್ಟ್ರ ಮಗಳು. ವೇಣೂರು ಮಾರ್ಗವಾಗಿ ಬರುವ ಬಸ್ಸಿನಲ್ಲಿ ದಿನವೂ ಬರುತ್ತಿದ್ದಳು, ಬಸ್ಸಿನಲ್ಲಿ ಕೂತೇ ಬರೆಯುತ್ತಿದ್ದಳು. ಬೇರೆಯವರ ಆಟ ನೋಡಿ ನೋಡಿ ಅವಳಿಗೆ ತನ್ನದೇ ಒಂದು ಮಾಡಬೇಕು ಎಂದು ಆಸೆ ಹುಟ್ಟಿತು. ಎರಡು ವರ್ಷ ಕೂತು, ಶೆಟ್ರ ಇಬ್ಬರು ಕೆಲಸಗಾರರನ್ನು ಜೊತೆಗಿಟ್ಟುಕೊಂಡು ಮಾಡಿದಳು. ನೆಲದ ಕೆಳಗಿನ ನೀರನ್ನು ಗುರುತಿಸಿ ಬಾವಿಗೆ ಜಾಗ ತೋರಿಸುವ ಒಬ್ಬ ಹೆಂಗಸಿನ ಕತೆ ಅದು. ಅವಳಿಗೆ ಆ ಶಕ್ತಿ ಹೋಗುತ್ತಾ ಬಂದಿದೆ. ಅದನ್ನು ಯಾರಿಗೂ ಹೇಳದೆ ಏಳು ಊರು ತಿರುಗುತ್ತಾಳೆ. ಏಳೂ ಊರಿನ ದಾರಿಗಳು ಸೇರುವಲ್ಲಿ ಒಂದು ಹಳೆಯ ಬಾವಿಕಟ್ಟೆ, ಅಲ್ಲಿ ಬಿಂದಿಗೆ ಇಟ್ಟುಕೊಂಡು ಕೂತ ಒಬ್ಬಳು ಅಜ್ಜಿ. ಕೊನೆಯ ಊರಿನಲ್ಲಿ ಆ ಹೆಂಗಸು ತನಗೆ ನೀರು ಕಾಣುವುದಿಲ್ಲ ಎಂದು ಊರವರ ಎದುರು ಒಪ್ಪಿಕೊಳ್ಳುವ ದೃಶ್ಯ ಇತ್ತು. ಹದಿನೆಂಟು ವರ್ಷದಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ದೃಶ್ಯ ಅದು.

ಹೊರದೇಶದ ಒಬ್ಬ ಪ್ರಕಾಶಕನಿಗೆ ಆಟ ಹಿಡಿಸಿತು. ಆದರೆ ಅವನದು ಒಂದು ಷರತ್ತು, ಕನಿಷ್ಠ ನಲವತ್ತು ಗಂಟೆ ಇರಬೇಕು. ಎಷ್ಟು ಗಂಟೆ ಉಂಟು ಎಂದು ನೋಡುವ ಕೆಲಸ ನನಗೆ ಬಂತು.

ಆಗಿನ ಕ್ರಮ ಈಗಿನವರಿಗೆ ಗೊತ್ತಿಲ್ಲ. ಈಗ ಯಂತ್ರವೇ ಎಲ್ಲವನ್ನೂ ಬರೆದಿಡುತ್ತದೆ, ನೀವು ಸುಮ್ಮನೆ ಕೂತರೆ ಸುಮ್ಮನೆ ಕೂತಿದ್ದೀರಿ ಎಂದೂ ಬರೆಯುತ್ತದೆ. ಆಗ ನಮ್ಮದು ನೋಟ್‌ಬುಕ್ಕು. ಎಡಗಡೆ ಗೋಡೆ ಗಡಿಯಾರದ ಹೊತ್ತು, ನಾನು ಕೂತದ್ದು ಎದ್ದದ್ದು. ಬಲಗಡೆ ಆಟದೊಳಗಿನ ಗಡಿಯಾರದ ಹೊತ್ತು. ಕೊನೆಯಲ್ಲಿ ಬಲಗಡೆಯ ಕೊನೆಯ ಅಂಕಿಯನ್ನು ವರದಿಗೆ ಏರಿಸಿದರೆ ಆಯಿತು. ಎಡಗಡೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇನ್ನೊಂದು ರೂಢಿಯೂ ಇತ್ತು. ಅರ್ಧ ತಯಾರಾದ ಆಟಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ಗುಂಡಿ ಒತ್ತಿದರೆ ಎಷ್ಟೋ ಸಲ ಇಡೀ ಆಟವೇ ಸ್ತಬ್ಧವಾಗಿ, ಹಿಂದಿನ ಸಲ ಉಳಿಸಿ ಇಟ್ಟ ಮೇಲೆ ಆಡಿದ್ದೆಲ್ಲ ಹೋಗುತ್ತಿತ್ತು. ಆದ್ದರಿಂದ ನಾವು ಯಾರೂ ಆ ಗುಂಡಿ ಮುಟ್ಟುತ್ತಿರಲಿಲ್ಲ. ಚಹಾಕ್ಕೆ ಏಳುವಾಗ ನಮ್ಮ ಪಾತ್ರವನ್ನು ಶತ್ರುಗಳು ಬಾರದ ಒಂದು ಜಾಗದಲ್ಲಿ ನಿಲ್ಲಿಸಿ ಹೋಗುತ್ತಿದ್ದೆವು. ಸುಪ್ರಿಯಾಳ ಆಟದಲ್ಲಿ ಅಂಥ ಜಾಗ ಆ ಬಾವಿಕಟ್ಟೆ. ಬೇರೆ ಆಟಗಳ ಕೆಲಸದ ನಡುವೆ ದಿನಾ ಸ್ವಲ್ಪ ಸ್ವಲ್ಪ ಆಡುತ್ತಾ, ಹದಿಮೂರು ದಿನ ನಾನು ಆ ಹೆಂಗಸನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಊಟಕ್ಕೆ ಹೋದೆ. ಊಟವಾದ ಮೇಲೆ ವೀಳ್ಯ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆದು ಬರುವುದು ನನ್ನ ಪದ್ಧತಿ. ಅದರ ನಡುವೆ ನಮ್ಮ ಅಕೌಂಟೆಂಟರ ಮಗಳ ಮದುವೆ ಶಿರ್ತಾಡಿಯಲ್ಲಿ. ಬೆಳಿಗ್ಗೆ ಆಟ ತೆರೆದು, ಬಾವಿಕಟ್ಟೆಯಲ್ಲಿ ನಿಲ್ಲಿಸಿ ಮದುವೆಗೆ ಹೋದವನು ಹಿಂದೆ ಬರುವಾಗ ಗಂಟೆ ನಾಲ್ಕು. ಇಷ್ಟು ಹೊತ್ತೂ ಆಟದೊಳಗಿನ ಗಡಿಯಾರ ಓಡುತ್ತಲೇ ಇತ್ತು. ಅದು ನನ್ನ ತಲೆಗೇ ಹೋಗಲಿಲ್ಲ.

ಆಟ ಮುಗಿದಾಗ ಬಲಗಡೆಯ ಕೊನೆಯ ಅಂಕಿ ನಲವತ್ತೊಂದು. ಬರೆದು ಕೊಟ್ಟೆ. ಶೆಟ್ರು ಇಡೀ ಆಫೀಸಿಗೆ ಪಫ್ಸ್ ತರಿಸಿದರು.

ಮೂರು ವಾರ ಕಳೆದ ಮೇಲೆ ಪ್ರಕಾಶಕನ ಪತ್ರ ಬಂತು. ಅವನ ಜನ ಹದಿನೇಳು ಗಂಟೆಯಲ್ಲಿ ಆಟ ಮುಗಿಸಿದ್ದರು. ಇನ್ನೆರಡು ತಿಂಗಳಲ್ಲಿ ನಲವತ್ತು ಮಾಡಿ ಕೊಡಿ, ಇಲ್ಲವಾದರೆ ಒಪ್ಪಂದ ರದ್ದು ಎಂದು ಬರೆದಿದ್ದ. ನಾನು ನೋಟ್‌ಬುಕ್ಕು ತೆಗೆದು ಮೊದಲ ಬಾರಿಗೆ ಎಡಗಡೆಯನ್ನು ಕೂಡಿಸಿದೆ. ನಾನು ಕುರ್ಚಿಯಲ್ಲಿ ಇಲ್ಲದ ಹೊತ್ತು ಇಪ್ಪತ್ತನಾಲ್ಕು ಗಂಟೆ. ಕಳೆದು ನೋಡಿದೆ, ಹದಿನೇಳೇ ಉಳಿಯಿತು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಎದ್ದೆ ಕೂಡ. ಶೆಟ್ರ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಅವರು ಯಾರೊಡನೆಯೋ ಫೋನಿನಲ್ಲಿ, "ಆ ಹುಡುಗಿ ಆಟದ ಪರೀಕ್ಷೆ ಆದ ಮೇಲೆ ಕತೆ ಕತ್ತರಿಸಿದ್ದಾಳೆ. ನಮ್ಮ ಸಂಜೀವಣ್ಣ ನೋಡಿದ್ದು ನಲವತ್ತೊಂದು, ಅವರು ತಪ್ಪು ಬರೆಯುವ ಜನ ಅಲ್ಲ," ಎನ್ನುತ್ತಿದ್ದರು. ನನ್ನ ಮೇಲಿನ ಆ ನಂಬಿಕೆ ಕೇಳಿ ನಾನು ಹಿಂದೆ ಬಂದು ಕೂತೆ. ಹೇಡಿತನ ಎಂದರೆ ಅದೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಸುಪ್ರಿಯಾ ಎರಡು ತಿಂಗಳು ಕೂತು ಆಟವನ್ನು ಉಬ್ಬಿಸಿದಳು. ಹತ್ತು ಬೇರು ಕಿತ್ತು ತಾ, ಹತ್ತು ತೋಳ ಕೊಲ್ಲು, ಈ ಊರಿನ ಹಗ್ಗ ಆ ಊರಿಗೆ ಮುಟ್ಟಿಸು, ಹಿಂದೆ ಬಂದು ರಾಟೆ ತೆಗೆದುಕೊಂಡು ಹೋಗು. ನೀರು ಹುಡುಕುವ ಹೆಂಗಸು ತೋಳ ಯಾಕೆ ಕೊಲ್ಲಬೇಕು ಎಂದು ಕೇಳುವವರು ಯಾರೂ ಇರಲಿಲ್ಲ. ನಲವತ್ತು ಗಂಟೆ ತುಂಬಿತು, ಆಟ ಮಾರುಕಟ್ಟೆಗೆ ಹೋಯಿತು. ಆಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಬರೆದರು. ಶುರು ಚೆನ್ನಾಗಿದೆ, ಮೂರನೇ ಊರು ದಾಟಿದ ಮೇಲೆ ಬೇಸರ ಬಂದು ಬಿಟ್ಟೆವು ಎಂದು. ಕೊನೆಯ ಊರಿಗೆ ತಲುಪಿದವರು ಬೆರಳೆಣಿಕೆಯ ಜನ. ಆ ಒಪ್ಪಿಕೊಳ್ಳುವ ದೃಶ್ಯವನ್ನು ಯಾರೂ ನೋಡಲಿಲ್ಲ ಎಂದೇ ಹೇಳಬೇಕು.

ಆಮೇಲೆ ಆರು ವರ್ಷ ಸುಪ್ರಿಯಾ ಬೇರೆಯವರ ಆಟಗಳಿಗೆ ಬೇರು, ತೋಳ, ಹಗ್ಗ ತುಂಬುವ ಕೆಲಸ ಮಾಡಿದಳು. ಹೊಸ ಆಟದ ಕತೆ ಹಿಡಿದು ಮೂರು ಸಲ ಶೆಟ್ರ ಹತ್ತಿರ ಹೋದಳು. ಮೂರು ಸಲವೂ ಶೆಟ್ರು, "ನಿನ್ನ ಗಂಟೆಯ ಲೆಕ್ಕ ನಂಬ್ಲಿಕ್ಕೆ ಆಗುದಿಲ್ಲ ಸುಪ್ರಿಯಾ," ಎಂದು ಹಿಂದೆ ಕಳಿಸಿದರು. ಅವಳು ಆ ಕಡತ ಹಿಡಿದುಕೊಂಡು ನನ್ನ ಮೇಜನ್ನು ದಾಟಿಯೇ ತನ್ನ ಜಾಗಕ್ಕೆ ಹೋಗಬೇಕಿತ್ತು. ನಾನು ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಆ ಆಟವನ್ನೂ ಮತ್ತೆಂದೂ ತೆರೆದು ನೋಡಲಿಲ್ಲ.

ನಾನು ನಿವೃತ್ತನಾಗಲು ಎರಡು ತಿಂಗಳು ಇರುವಾಗ ಪ್ರಕಾಶಕ ಆಟದ ಹಕ್ಕನ್ನು ನಮಗೆ ಹಿಂದೆ ಕೊಟ್ಟ. ಶೆಟ್ರು ನನ್ನನ್ನು ಕರೆದು, "ಇದನ್ನು ಎಂಥ ಮಾಡುವುದು ಸಂಜೀವಣ್ಣ, ಅಳಿಸಿ ಹಾಕುವ. ಆ ಹುಡುಗಿಯನ್ನು ನಂಬಿ ಮೋಸ ಹೋದದ್ದು," ಎಂದರು. ಅಳಿಸುವುದು ಎಂಬ ಮಾತು ಕೇಳಿದ್ದೇ ನನ್ನ ಕಾಲು ತಾನಾಗಿ ನನ್ನ ಮೇಜಿನ ಕಡೆ ಹೋಯಿತು. ನೋಟ್‌ಬುಕ್ಕು ತಂದು ಅವರೆದುರು ಇಟ್ಟೆ.

"ಆ ನಲವತ್ತೊಂದು ನಂದು ಶೆಟ್ರೇ. ಅವಳು ಎಂಥದೂ ಕತ್ತರಿಸ್ಲಿಲ್ಲ. ಎಡಗಡೆ ನೋಡಿ."

ಶೆಟ್ರು ಕನ್ನಡಕ ಹಾಕಿ ಒಂದೊಂದೇ ಸಾಲು ಓದಿದರು. "ಇದು ಎಂಥದು, ದಿನಾ ಒಂದು ಗಂಟೆ, ಒಂದೂಕಾಲು ಗಂಟೆ?"

"ಊಟಕ್ಕೆ ಹೋದದ್ದು."

"ಆಗ ಆಟ ಓಡ್ತಾ ಇತ್ತಾ?"

"ಓಡ್ತಾ ಇತ್ತು."

ಬೆರಳು ಕೆಳಗಿಳಿಯಿತು. "ಇದು ಬೆಳಿಗ್ಗೆ ಹೋದದ್ದು ನಾಲ್ಕು ಗಂಟೆಗೆ ಬಂದದ್ದು?"

"ಶಿರ್ತಾಡಿಯ ಮದುವೆ."

ಶೆಟ್ರು ಕನ್ನಡಕ ತೆಗೆದರು. "ಆ ಮದುವೆಗೆ ನಾನೂ ಬಂದಿದ್ದೆ ಮಾರಾಯ್ರೆ. ನಾವಿಬ್ರೂ ಒಂದೇ ಪಂಕ್ತಿಯಲ್ಲಿ ಕೂತದ್ದು. ನೀವು ಎರಡು ಸಲ ಪಾಯಸ ಹಾಕಿಸಿಕೊಂಡ್ರಿ."

"ಹೌದು."

"ಅಷ್ಟು ಹೊತ್ತು ಇಲ್ಲಿ ಗಂಟೆ ಏರ್ತಾ ಇತ್ತು."

ನಾನು ತಲೆಯಾಡಿಸಿದೆ. ಬೈಗುಳ ಬರುತ್ತದೆ ಎಂದು ಕಾದೆ. ಶೆಟ್ರು ನೋಟ್‌ಬುಕ್ಕನ್ನು ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟು ಇತ್ತು, ಅದಕ್ಕಿಂತ ಹೆಚ್ಚು ನಾಚಿಕೆ ಇತ್ತು. ಕೊನೆಗೆ, "ಆರು ವರ್ಷ ಆ ಹೆಣ್ಣುಮಗಳಿಗೆ ನಾನು ಎಂಥೆಂಥ ಮಾತು ಹೇಳಿದ್ದೇನೆ," ಎಂದು ಸುಪ್ರಿಯಾಳನ್ನು ಕರೆಸಿದರು.

ಅವಳೆದುರು ಎಲ್ಲವನ್ನೂ ನಾನೇ ಹೇಳಿದೆ, ನನ್ನ ಬಾಯಿಂದಲೇ ಬರಲಿ ಎಂದು. ಅವಳು ನೋಟ್‌ಬುಕ್ಕಿನ ಕಡೆ ಕಣ್ಣೂ ಹಾಯಿಸದೆ ಶೆಟ್ರ ಕಡೆ ತಿರುಗಿದಳು. ಅಷ್ಟಕ್ಕೇ ನಾನು ಸಿಟ್ಟು ಎಂದುಕೊಂಡೆ, ಸಿಟ್ಟಾದರೆ ನ್ಯಾಯವೇ ಎಂದುಕೊಂಡೆ.

"ನಂದೂ ತಪ್ಪುಂಟು ಸುಪ್ರಿಯಾ, ನಿನ್ನನ್ನು ಒಂದು ಮಾತು ಕೇಳಬೇಕಿತ್ತು," ಎಂದರು ಶೆಟ್ರು. "ಆ ಆಟ ಈಗ ನಮ್ಮದೇ. ಅದರಿಂದ ಎಂಥ ತೆಗೀಬೇಕೋ ತೆಗಿ."

"ಅರ್ಧಕ್ಕಿಂತ ಜಾಸ್ತಿ ಹೋಗ್ತದೆ ಸರ್. ಎಲೆ ಖಾಲಿ ಕಾಣ್ತದೆ."

"ಕಾಣ್ಲಿ," ಎಂದರು ಶೆಟ್ರು. ಅವರ ಬಾಯಲ್ಲಿ ಆ ಮಾತು ಬರುವುದನ್ನು ಕೇಳಲು ನಾನು ಹದಿನೆಂಟು ವರ್ಷ ಕಾಯಬೇಕಾಯಿತು.

ಅವತ್ತು ಸಂಜೆಯ ಬಸ್ಸಿನಲ್ಲೂ ಐತಪ್ಪನೇ ಇದ್ದ. ಕೇಳಿದ, "ಎಂಥ ಸಂಜೀವಣ್ಣ, ಮುಖ ಬೆಳಗಿದೆ, ಎಷ್ಟು ರಾಕ್ಷಸರು ಸತ್ರು?" ಒಂದೇ ಎಂದು ಹೇಳಿ ಕಿಟಕಿಯ ಪಕ್ಕ ಕೂತೆ. ಬಂಟ್ವಾಳ ಬರುವ ತನಕ ನಿದ್ದೆ ಮಾಡಿದೆ. ಅಷ್ಟು ವರ್ಷ ಆ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿದ್ದೇ ಇಲ್ಲ.

ಒಂದೂವರೆ ತಿಂಗಳಲ್ಲಿ ಸುಪ್ರಿಯಾ ತುಂಬಿಸಿದ್ದನ್ನೆಲ್ಲ ತೆಗೆದಳು. ತೋಳಗಳು ಹೋದವು, ಬೇರುಗಳು ಹೋದವು. ಪರೀಕ್ಷೆಗೆ ಯಾರು ಎಂದು ಶೆಟ್ರು ಕೇಳಿದಾಗ, "ಸಂಜೀವಣ್ಣನೇ ನೋಡ್ಲಿ," ಎಂದಳು. ನನ್ನ ಕೊನೆಯ ವಾರದ ಕೆಲಸ ಅದೇ ಆಯಿತು. ನಿಲ್ಲಿಸುವ ಗುಂಡಿ ಈಗ ಸರಿಯಾಗಿದೆ. ಆದರೆ ಊಟದ ಹೊತ್ತಿಗೆ ಕೈ ಹಳೆಯ ರೂಢಿಗೆ ಹೋಯಿತು, ಆರನೆಯ ಊರಿನಿಂದ ಬಂದ ಹೆಂಗಸನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಎದ್ದುಹೋದೆ.

ಊಟ ಮುಗಿಸಿ, ವೀಳ್ಯ ಹಾಕಿಕೊಂಡು ಬಂದು ನೋಡುತ್ತೇನೆ, ಪರದೆಯ ಮೇಲೆ ಅಜ್ಜಿ ಮಾತಾಡಿದ್ದಾಳೆ. ಏನಾದರೂ ಕೇಳಿದರೆ ಮಾತ್ರ ಬಾಯಿ ಬಿಡುವ ಅಜ್ಜಿ ಅವಳು. ಅವಳ ತಲೆಯ ಮೇಲೆ ಒಂದು ಸಾಲು ಇತ್ತು: ಊಟ ಆಯಿತಾ ಮಗಾ?

ತಿರುಗಿ ಸುಪ್ರಿಯಾಳನ್ನು ನೋಡಿದೆ. ಅವಳು ತನ್ನ ಪರದೆಯನ್ನೇ ನೋಡುತ್ತಿದ್ದಳು.

"ಇದು ಯಾವಾಗ ಬರೆದದ್ದು?"

"ಆ ವರ್ಷವೇ, ಆಟ ಉಬ್ಬಿಸುವಾಗ. ಒಂದು ಗಂಟೆ ಅಲ್ಲಿ ಸುಮ್ನೆ ನಿಂತರೆ ಅಜ್ಜಿ ಕೇಳ್ತಾರೆ."

"ನಿಂಗೆ ಗೊತ್ತಿತ್ತಾ?"

"ಆಡಿದ್ದು ನೀವು ಉಳಿಸಿ ಇಟ್ಟಿದ್ರಲ್ಲ, ಅದನ್ನು ತೆರೆದು ನೋಡಿದೆ. ದಿನಾ ಮಧ್ಯಾಹ್ನ ಗಂಟೆ ಏರಿದೆ, ನೀವು ಮಾತ್ರ ಬಾವಿಕಟ್ಟೆಯಲ್ಲೇ ಇದ್ದೀರಿ," ಎಂದು ಅವಳು ಈ ಕಡೆ ತಿರುಗಿದಳು. "ಶೆಟ್ರಿಗೆ ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಸಿಟ್ಟೂ ಬಂದಿತ್ತು, ಇಲ್ಲ ಅಂತ ಹೇಳುದಿಲ್ಲ. ಈ ಸಾಲು ಕಂಡಾದ್ರೂ ಹೇಳಬಹುದು ಅಂತ ಬರೆದೆ. ನೀವು ಆಟವನ್ನೇ ಮತ್ತೆ ಮುಟ್ಲಿಲ್ಲ."

ಆರು ವರ್ಷ ನಾನು ಅವಳಿಂದ ಬಚ್ಚಿಟ್ಟದ್ದನ್ನು ಅವಳು ಆರು ವರ್ಷ ನನಗಾಗಿ ಅಲ್ಲಿ ಇಟ್ಟುಕೊಂಡು ಕೂತಿದ್ದಳು.

"ಅಜ್ಜಿಗೆ ಉತ್ತರ ಕೊಡಿ ಸಂಜೀವಣ್ಣ," ಎಂದಳು. "ಉತ್ತರ ಕೊಟ್ಟ ಮೇಲೆ ಅವರು ಹೇಳುವ ಮಾತು ಮೊದಲು ಬೇರೆ ಇತ್ತು, ದಾರಿ ಇನ್ನೂ ಬಹಳ ಉಂಟು ಅಂತ. ಮೊನ್ನೆ ಬದಲಿಸಿದೆ."

ಉತ್ತರಕ್ಕೆ ಎರಡು ಆಯ್ಕೆ ಇತ್ತು. ನಾನು 'ಆಯಿತು' ಎಂಬುದನ್ನು ಒತ್ತಿದೆ. ಅಜ್ಜಿ ಬಿಂದಿಗೆಯಿಂದ ನೀರು ಬಗ್ಗಿಸಿಕೊಟ್ಟು, "ಹಾಗಾದರೆ ಹೊರಡು. ಕೊನೆಯ ಊರು ಇಲ್ಲೇ ಹತ್ತಿರ," ಎಂದಳು. ನಾನು ಹೊರಟೆ.